ಬಲ್ಲವನಿಗೆ ಹೊಳೆಯುವುದು: ಬರಹದ ವಿನ್ಯಾಸ ಮತ್ತು ಪೇಟೆಂಟಿನ ವ್ಯಾಜ್ಯ

ಗೋಕಾಕ, ಹುಕ್ಕೇರಿ, ಮೂಡಲಗಿ ಎಂಬ ಮೂರು ಊರುಗಳ ಹೆಸರನ್ನು ಒಂದು ಹಾಳೆಯ ಮೇಲೆ ಬರೆದು, ಕಣ್ಣಿಗೆ ಕಾಣುವ ಅಕ್ಷರಗಳನ್ನು ಎಣಿಸಿರಿ. ಗೋಕಾಕಕ್ಕೆ ಮೂರು, ಹುಕ್ಕೇರಿಗೆ ಮೂರು, ಮೂಡಲಗಿಗೆ ನಾಲ್ಕು. ಇದೇ ಹೆಸರುಗಳನ್ನು ಗಣಕಯಂತ್ರಕ್ಕೆ ಒಪ್ಪಿಸಿ, ಅದು ತನ್ನ ಸ್ಮೃತಿಕೋಶದಲ್ಲಿ ಎಷ್ಟು ಸಂಕೇತಗಳನ್ನು ಇಟ್ಟುಕೊಂಡಿದೆಯೆಂದು ವಿಚಾರಿಸಿದರೆ ಬರುವ ಲೆಕ್ಕ ಬೇರೆ. ಗೋಕಾಕಕ್ಕೆ 5, ಹುಕ್ಕೇರಿಗೆ 8, ಮೂಡಲಗಿಗೆ 6. ಹುಕ್ಕೇರಿಯಲ್ಲಿ ಈ ಎಂಟು ಯಾವುವು? ಹಕಾರ, ಉಕಾರದ ಕೊಂಬು, ಕಕಾರ, ಹಲಂತದ ಚಿಹ್ನೆ, ಮತ್ತೊಂದು ಕಕಾರ, ಏಕಾರದ ಚಿಹ್ನೆ, ರಕಾರ, ಗುಡಿಸು. ಯಂತ್ರವು ಕೂಡಿಡುವುದು ಈ ಎಂಟನ್ನು ಮಾತ್ರ. ಕಕಾರದ ಕೆಳಗೆ ಒತ್ತು ಕೂರಿಸಿ ನಮ್ಮ ಕಣ್ಣಿಗೆ ಮೂರು ಅಕ್ಷರಗಳನ್ನಾಗಿ ತೋರಿಸುವ ಕೆಲಸ ತಂತ್ರಾಂಶದ ಬೇರೊಂದು ಭಾಗದ್ದು.

ಬರಹ ಬೇರೆ, ಬರಹದ ರೂಪ ಬೇರೆ ಎಂಬ ಈ ವಿಂಗಡಣೆಯು ಮೇಲ್ನೋಟಕ್ಕೆ ಸಣ್ಣ ಸಂಗತಿಯಂತೆ ತೋರುವುದು. ಆದರೆ ಇದರ ಸುತ್ತ ಕೋಟಿಗಟ್ಟಲೆ ಡಾಲರುಗಳ ವ್ಯಾಜ್ಯ ನಡೆದಿದೆ. ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯದ ವರೆಗೆ ಅದು ಏರಿದೆ. ಆ ವ್ಯಾಜ್ಯಗಳಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆ ಒಂದೇ. ಬರಹವನ್ನು ಹೀಗೆ ಜೋಡಿಸುವ ಕ್ರಮವು ನಿಜವಾದ ಆವಿಷ್ಕಾರವೋ, ಅಥವಾ ಆ ಕಸುಬನ್ನು ಬಲ್ಲ ಯಾರಿಗಾದರೂ ಹೊಳೆಯಬಹುದಾದ ಮಾತೋ? ಕಾನೂನು ಈ ಎರಡನೆಯದಕ್ಕೆ ಒಂದು ಹೆಸರು ಇಟ್ಟಿದೆ. ನಾವು ಅದನ್ನು ಸುಗೋಚರತೆ ಎಂದು ಕರೆಯೋಣ. ಸುಗೋಚರವಾದುದಕ್ಕೆ ಪೇಟೆಂಟು ಇಲ್ಲ.

ಕಚೇರಿಯ ಕಾಗದದಿಂದ ಆರಂಭಿಸೋಣ

ಬೆಳಗಾವಿ ಜಿಲ್ಲೆಯ ರೈತನಿಗೆ ಉತಾರವೆಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ದಕ್ಷಿಣದ ಜಿಲ್ಲೆಗಳಲ್ಲಿ ಇದನ್ನೇ ಪಹಣಿ ಎನ್ನುವರು. ಸರ್ವೆ ನಂಬರು, ಕ್ಷೇತ್ರ, ಆಕಾರ, ಕಬ್ಜೇದಾರನ ಹೆಸರು, ಬೆಳೆ, ಬೋಜಾ ಇವೆಲ್ಲ ಗೆರೆ ಹೊಡೆದ ಕಲಮುಗಳಲ್ಲಿ ಕೂರುವ ಕಾಗದ ಅದು. ಹಿಂದೆ ಇದನ್ನು ಗ್ರಾಮಲೆಕ್ಕಿಗರು ಕೈಯಿಂದ ಬರೆಯುತ್ತಿದ್ದರು. ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯಲ್ಲಿ, 2002ರ ಹೊತ್ತಿಗೆ, ಕರ್ನಾಟಕದ 177 ತಾಲ್ಲೂಕುಗಳ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ದಾಖಲೆಗಳು ಗಣಕಯಂತ್ರಕ್ಕೆ ಏರಿದವು. ಅಂದು ಮೂಡಲಗಿಯವರು ಗೋಕಾಕ ತಾಲ್ಲೂಕಿನವರೇ. ಅದು ಪ್ರತ್ಯೇಕ ತಾಲ್ಲೂಕಾದುದು 2018ರಲ್ಲಿ.

ಈಗ ಉತಾರವನ್ನು ಯಂತ್ರದ ದೃಷ್ಟಿಯಿಂದ ನೋಡಿರಿ. ಅದರಲ್ಲಿ ಮೂರು ಪದರಗಳಿವೆ. ಮೊದಲನೆಯದು ಬರಿಯ ಅಕ್ಷರ: ‘ಬಸವ’, ‘ಗೋಕಾಕ’. ಎರಡನೆಯದು ಆ ಅಕ್ಷರಗಳಿಗೆ ಇರುವ ಅರ್ಥ: ಇದು ಹೆಸರು, ಅದು ಊರು. ಮೂರನೆಯದು ತೋರಿಕೆ: ಹೆಸರು ಯಾವ ಕಲಮಿನಲ್ಲಿ, ಎಷ್ಟು ದಪ್ಪ ಅಕ್ಷರದಲ್ಲಿ ಬರಬೇಕು. ಮನುಷ್ಯನು ಮೂರನ್ನೂ ಒಂದೇ ನೋಟದಲ್ಲಿ ಗ್ರಹಿಸುತ್ತಾನೆ. ಯಂತ್ರಕ್ಕಾದರೋ ಎರಡನೆಯ ಪದರವನ್ನು ನಾವೇ ಹೇಳಿಕೊಡಬೇಕು.

ಹೇಳಿಕೊಡುವ ಹಳೆಯ ಕ್ರಮವು ಬರಹದ ನಡುನಡುವೆಯೇ ಗುರುತುಚೀಟಿಗಳನ್ನು ಸೇರಿಸುವುದು. ‘ಇಲ್ಲಿಂದ ಹೆಸರು’ ಎಂದೊಂದು ಚೀಟಿ, ಆ ಬಳಿಕ ಬಸವ, ‘ಇಲ್ಲಿಗೆ ಹೆಸರು ಮುಗಿಯಿತು’ ಎಂದು ಮತ್ತೊಂದು ಚೀಟಿ. ಐಬಿಎಂ ಸಂಸ್ಥೆಯಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳು 1969ರಲ್ಲಿ ಇಂಥದೊಂದು ಪದ್ಧತಿಯನ್ನು ರೂಪಿಸಿದರು. 1986ರಲ್ಲಿ ಅದರ ಸಂತತಿಯಾದ ಎಸ್‌ಜಿಎಂಎಲ್ ಅಂತರರಾಷ್ಟ್ರೀಯ ಮಾನಕವಾಯಿತು.

ಇದಕ್ಕೆ ಬೇರೊಂದು ಕ್ರಮವೂ ಸಾಧ್ಯ. ಚೀಟಿಗಳನ್ನೆಲ್ಲ ಬರಹದಿಂದ ಕಿತ್ತು ಪ್ರತ್ಯೇಕ ಪಟ್ಟಿಯೊಂದರಲ್ಲಿ ಬರೆದಿಡುವುದು. ಆಗ ಬರಹವು ‘ಬಸವಗೋಕಾಕ’ ಎಂದು ನಿರಾಭರಣವಾಗಿ ಉಳಿಯುತ್ತದೆ. ಪಟ್ಟಿಯಲ್ಲಿ ಮಾತ್ರ ಹೀಗೆ ಬರೆದಿರುತ್ತದೆ: ಸ್ಥಾನ 0, ಹೆಸರಿನ ಆರಂಭ, ಸ್ಥಾನ 3, ಹೆಸರು ಮುಗಿದು ಊರಿನ ಆರಂಭ, ಸ್ಥಾನ 8, ಊರಿನ ಅಂತ್ಯ. ಓದುಗರು ಬೆರಳಿಟ್ಟು ಎಣಿಸಬಹುದು: ಬಸವದಲ್ಲಿ ಸಂಕೇತ 3, ಗೋಕಾಕದಲ್ಲಿ 5, ಒಟ್ಟು 8. ಇದರ ಲಾಭವೇನೆಂದರೆ, ಬರಹವನ್ನು ಮುಟ್ಟದೆಯೇ ಪಟ್ಟಿಯನ್ನು ತಿದ್ದಬಹುದು. ಒಂದೇ ಬರಹಕ್ಕೆ ಬೇರೆ ಬೇರೆ ಉದ್ದೇಶಗಳಿಗಾಗಿ ಎರಡು ಮೂರು ಪಟ್ಟಿಗಳನ್ನು ಹೊಂದಿಸಬಹುದು. ನಷ್ಟವೂ ಇಲ್ಲದಿಲ್ಲ. ಬಸವನನ್ನು ‘ಬಸವಣ್ಣ’ ಎಂದು ತಿದ್ದಿದೊಡನೆ ಮೂರು ಸಂಕೇತಗಳು ಹೆಚ್ಚಿ, ಪಟ್ಟಿಯ 3 ಎಂಬುದು 6 ಆಗಬೇಕು, 8 ಎಂಬುದು 11 ಆಗಬೇಕು. ಈ ಲೆಕ್ಕವನ್ನು ತಪ್ಪದೆ ಇಡುವುದು ತಂತ್ರಾಂಶದ ಹೊಣೆ.

ಕೆನಡಾ ದೇಶದ ಟೊರಾಂಟೊ ನಗರದ ‘ಐಫೋರ್‌ಐ’ ಎಂಬ ಸಣ್ಣ ಸಂಸ್ಥೆ ಇದೇ ಎರಡನೆಯ ಕ್ರಮಕ್ಕೆ 1994ರ ಜೂನ್ ತಿಂಗಳಲ್ಲಿ ಅಮೆರಿಕೆಯಲ್ಲಿ ಅರ್ಜಿ ಹಾಕಿತು. 1998ರ ಜುಲೈಯಲ್ಲಿ 5,787,449 ಎಂಬ ಸಂಖ್ಯೆಯ ಪೇಟೆಂಟು ದೊರೆಯಿತು. ವ್ಯಾಜ್ಯದ ಬೀಜ ಇದು. ಆದರೆ ವ್ಯಾಜ್ಯಕ್ಕೆ ಹೋಗುವ ಮೊದಲು ಸುಗೋಚರತೆಯನ್ನು ಅಳೆಯುವ ಕೋಲು ಯಾವುದೆಂದು ತಿಳಿಯಬೇಕು.

ಬಾಗಿಲ ಹಿಡಿ, ನೇಗಿಲು, ಪಾತ್ರೆ

ಪೇಟೆಂಟು ಸರಕಾರವು ಆವಿಷ್ಕಾರಕನೊಡನೆ ಮಾಡಿಕೊಳ್ಳುವ ಕರಾರು. ನಿನ್ನ ಗುಟ್ಟನ್ನು ಲೋಕಕ್ಕೆ ಬಿಡಿಸಿ ಹೇಳು. ಪ್ರತಿಯಾಗಿ ಅರ್ಜಿಯ ದಿನದಿಂದ 20 ವರ್ಷ ನಿನ್ನ ಅನುಮತಿಯಿಲ್ಲದೆ ಯಾರೂ ಅದನ್ನು ಬಳಸದಂತೆ ತಡೆಯುವ ಹಕ್ಕು ನಿನ್ನದು. ಹೇಳಿದ ಗುಟ್ಟು ಎಲ್ಲರಿಗೂ ಹೊಳೆಯುವಂಥದಾದರೆ ಲೋಕಕ್ಕೆ ದೊರೆತದ್ದೇನು? ಆದಕಾರಣ ಹೊಸತಾಗಿರುವುದಷ್ಟೇ ಸಾಲದು.

ಗೋಕಾಕದ ಕರದಂಟನ್ನೇ ತೆಗೆದುಕೊಳ್ಳಿರಿ. ಬೆಲ್ಲದ ಪಾಕ, ಕರಿದ ಅಂಟು, ಒಣಹಣ್ಣುಗಳಿಂದ ಅದನ್ನು ಮಾಡುವರೆಂದು ಎಲ್ಲರಿಗೂ ಗೊತ್ತು. ಗೋಡಂಬಿಯ ಬದಲು ಶೇಂಗಾ ಹಾಕಿದವನು, ಈ ಮೊದಲು ಯಾರೂ ಹಾಗೆ ಮಾಡಿರದಿದ್ದರೆ, ಹೊಸತನ್ನು ಮಾಡಿದನೆಂಬುದು ನಿಜ. ಆದರೆ ಅಲ್ಲಿಯ ಯಾವ ಮಿಠಾಯಿಗಾರನೂ ಅದಕ್ಕೆ ಬೆರಗಾಗಲಾರ. ಮಳೆಗಾಲದ ಆರ್ದ್ರತೆಯಲ್ಲಿಯೂ ಪಾಕ ಜಿನುಗದಂತೆ ಮಾಡುವ, ಯಾರೂ ನಿರೀಕ್ಷಿಸದಿದ್ದ ಉಪಾಯವನ್ನು ಕಂಡುಹಿಡಿದವನ ಮಾತು ಬೇರೆ. ಕಾನೂನು ಕಲ್ಪಿಸಿಕೊಳ್ಳುವ ‘ಕಸುಬು ಬಲ್ಲವನು’ ಈ ಮಿಠಾಯಿಗಾರನಂಥ ವ್ಯಕ್ತಿ. ಅವನು ದಡ್ಡನಲ್ಲ, ಮಹಾಮೇಧಾವಿಯೂ ಅಲ್ಲ. ತನ್ನ ಕಸುಬಿನಲ್ಲಿ ಪ್ರಕಟವಾದುದನ್ನೆಲ್ಲ ಬಲ್ಲವನೆಂದು ಭಾವಿಸಲ್ಪಟ್ಟವನು.

ಈ ತತ್ತ್ವದ ಚರಿತ್ರೆ ಬಾಗಿಲ ಹಿಡಿಯಿಂದ ಆರಂಭವಾಗುತ್ತದೆಂದರೆ ತಪ್ಪಾಗದು. ಮರ ಅಥವಾ ಲೋಹದ ಬದಲು ಜೇಡಿಮಣ್ಣಿನಿಂದ, ಪಿಂಗಾಣಿಯಿಂದ ಹಿಡಿ ಮಾಡಿದವರ ಪೇಟೆಂಟನ್ನು ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯ 1851ರಲ್ಲಿ ತಳ್ಳಿಹಾಕಿತು. ಅದು ಕುಶಲ ಕೆಲಸಗಾರನ ಕೆಲಸ, ಆವಿಷ್ಕಾರಕನದಲ್ಲವೆಂಬುದು ಅದರ ಅಭಿಪ್ರಾಯ. 1966ರಲ್ಲಿ ಅದೇ ನ್ಯಾಯಾಲಯದ ಮುಂದೆ ಬಂದುದು ನೇಗಿಲು. ಕಲ್ಲುನೆಲದಲ್ಲಿ ಉಳುವಾಗ ಕುಳದ ದಂಡಿಗೆ ಕಲ್ಲು ತಾಗಿದರೆ ಮುರಿಯದೆ ಮೇಲಕ್ಕೆ ಏಳುವಂತೆ ಸ್ಪ್ರಿಂಗಿನ ಹಿಡಿಕೆಯೊಂದನ್ನು ಗ್ರೇಹಮ್ ಎಂಬವರು ಮಾಡಿದ್ದರು. ಅವರ ಮೊದಲ ಪೇಟೆಂಟಿನಲ್ಲಿ ದಂಡಿಯು ಕೀಲಿನ ತಗಡಿನ ಮೇಲಿತ್ತು. ಎರಡನೆಯದರಲ್ಲಿ ಅದು ತಗಡಿನ ಕೆಳಗೆ ಬಂತು. ಮೇಲಿದ್ದುದನ್ನು ಕೆಳಗೆ ಮಾಡುವುದು ಬಲ್ಲವನಿಗೆ ಹೊಳೆಯದ ಸಂಗತಿಯಲ್ಲವೆಂದು ಹೇಳಿ ನ್ಯಾಯಾಲಯವು ಪೇಟೆಂಟನ್ನು ರದ್ದುಪಡಿಸಿತು. ಆ ತೀರ್ಪಿನಲ್ಲಿಯೇ ಪರೀಕ್ಷೆಯ ಕ್ರಮವನ್ನೂ ವಿಧಿಸಿತು. ಹಿಂದೆ ತಿಳಿದಿದ್ದುದೇನು, ಅದಕ್ಕೂ ಹೊಸದಕ್ಕೂ ಇರುವ ಅಂತರವೇನು, ಕಸುಬು ಬಲ್ಲವನ ಸಾಮಾನ್ಯ ಮಟ್ಟವೆಷ್ಟು ಎಂದು ಮೊದಲು ನೋಡಬೇಕು. ಮಾರುಕಟ್ಟೆಯಲ್ಲಿ ಅದು ಗೆದ್ದಿತೇ, ಬಹುಕಾಲ ಇತರರು ಯತ್ನಿಸಿ ಸೋತಿದ್ದರೇ ಎಂಬ ಸಂಗತಿಗಳನ್ನೂ ಗಮನಿಸಬಹುದು.

ನಮ್ಮ ದೇಶದಲ್ಲಿ ಇದಕ್ಕೆ ಸಮನಾದ ತೀರ್ಪು ಪಾತ್ರೆಗಳ ಕುರಿತದ್ದು. ಚರಕಿಯ ಮೇಲೆ ಪಾತ್ರೆಯನ್ನು ಭದ್ರವಾಗಿ ಹಿಡಿದು ಹೆರೆದು ಹೊಳಪು ಕೊಡುವ ಸಾಧನವೊಂದಕ್ಕೆ 1951ರಲ್ಲಿ ಪೇಟೆಂಟು ಬಂದಿತ್ತು. ಬಿಶ್ವನಾಥ ಪ್ರಸಾದ್ ರಾಧೇಶ್ಯಾಮ್ ಮತ್ತು ಹಿಂದೂಸ್ಥಾನ್ ಮೆಟಲ್ ಇಂಡಸ್ಟ್ರೀಸ್ ನಡುವಣ ಈ ಮೊಕದ್ದಮೆಯಲ್ಲಿ ಅಲಹಾಬಾದ್ ಹೈಕೋರ್ಟಿನ ಏಕ ನ್ಯಾಯಾಧೀಶರು ಪೇಟೆಂಟು ಸಲ್ಲದೆಂದರು. ಅದೇ ಹೈಕೋರ್ಟಿನ ಮೇಲ್ಮನವಿ ಪೀಠ ಸಲ್ಲುವುದೆಂದಿತು. 1978ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಅದು ಕಾರ್ಖಾನೆಯಲ್ಲಿ ದಿನವೂ ನಡೆಯುವ ಸುಧಾರಣೆಗಿಂತ ಹೆಚ್ಚಿನದಲ್ಲವೆಂದು, ಮೊದಲಿನ ಅಭಿಪ್ರಾಯವನ್ನೇ ಎತ್ತಿಹಿಡಿಯಿತು. ಒಂದೇ ಸಾಧನವನ್ನು ನೋಡಿ ವಿದ್ವಾಂಸರಾದ ನ್ಯಾಯಾಧೀಶರು ಹೀಗೆ ಬೇರೆ ಬೇರೆ ತೀರ್ಮಾನಕ್ಕೆ ಬಂದುದೇ ಈ ಅಳತೆಗೋಲು ಎಷ್ಟು ಬಳುಕುವಂಥದೆಂಬುದಕ್ಕೆ ನಿದರ್ಶನ.

ಬಳುಕಲು ಕಾರಣವುಂಟು. ‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಎಂಬ ಗಾದೆ ನಮ್ಮಲ್ಲಿದೆ. ಅಡಿಗೆಯಾದ ಮೇಲೆ ಒಲೆ ಉರಿಯುವಂತೆ, ಉತ್ತರ ಕಂಡ ಮೇಲೆ ಪ್ರಶ್ನೆ ಸುಲಭವೆನ್ನಿಸುತ್ತದೆ. ಪರೀಕ್ಷಕನು ಆವಿಷ್ಕಾರವನ್ನು ಓದಿದ ತರುವಾಯವೇ ಹಳೆಯ ಕಾಗದಗಳನ್ನು ಹುಡುಕುತ್ತಾನೆ. ಎರಡು ಹಳೆಯ ಕಾಗದಗಳನ್ನು ಜೋಡಿಸಿದರೆ ಹೊಸದು ಬರುತ್ತದೆಂದು ತೋರಿಸುವುದು ಸುಲಭ. ಅವನ್ನು ಜೋಡಿಸಬೇಕೆಂದು ಅಂದು ಯಾರಿಗೆ, ಏಕೆ ಹೊಳೆಯುತ್ತಿತ್ತೆಂದು ತೋರಿಸುವುದು ಕಷ್ಟ. ಬರಹದ ವಿನ್ಯಾಸದ ತಂತ್ರಾಂಶದಲ್ಲಿ ಈ ತೊಡಕು ಇನ್ನೂ ಹೆಚ್ಚು. ಏಕೆಂದರೆ ಅಲ್ಲಿಯ ಕ್ರಮಗಳು ಬಹುಮಟ್ಟಿಗೆ ಲಿಪಿಕಾರರೂ ಮೊಳೆ ಜೋಡಿಸುವವರೂ ಬಹುಕಾಲದಿಂದ ಕೈಯಿಂದ ಮಾಡುತ್ತಿದ್ದ ಕೆಲಸಗಳ ಯಾಂತ್ರಿಕ ರೂಪ.

ನಾಶವಾದ ಸಾಕ್ಷ್ಯ

ಐಫೋರ್‌ಐ ಸಂಸ್ಥೆಯು 2007ರಲ್ಲಿ ಮೈಕ್ರೋಸಾಫ್ಟ್ ಮೇಲೆ ಟೆಕ್ಸಾಸಿನಲ್ಲಿ ದಾವೆ ಹೂಡಿತು. ‘ವರ್ಡ್’ ತಂತ್ರಾಂಶದ 2003ರ ಮತ್ತು 2007ರ ಆವೃತ್ತಿಗಳು ಗುರುತುಚೀಟಿಗಳನ್ನು ನಿರ್ವಹಿಸುವ ರೀತಿ ತನ್ನ ಪೇಟೆಂಟನ್ನು ಉಲ್ಲಂಘಿಸುತ್ತದೆಂಬುದು ಆಪಾದನೆ. 2009ರಲ್ಲಿ ಪಂಚರು 20 ಕೋಟಿ ಡಾಲರು ಪರಿಹಾರ ವಿಧಿಸಿದರು. ನ್ಯಾಯಾಧೀಶರು ಸೇರಿಸಿದ ದಂಡ, ಬಡ್ಡಿಗಳೊಡನೆ ಅದು 29 ಕೋಟಿಯ ಸುಮಾರಿಗೆ ಏರಿತು. ಆ ಭಾಗವುಳ್ಳ ‘ವರ್ಡ್’ ಅನ್ನು 2010ರ ಜನವರಿ 11ರಿಂದ ಅಮೆರಿಕೆಯಲ್ಲಿ ಮಾರಕೂಡದೆಂಬ ಆಜ್ಞೆಯೂ ಜಾರಿಗೆ ಬಂದಿತು.

ಮೈಕ್ರೋಸಾಫ್ಟ್ ಹೂಡಿದ ಪ್ರತಿವಾದಗಳಲ್ಲಿ ಒಂದು ಸುಗೋಚರತೆ: ಹಿಂದಿನ ಕೆಲವು ಬರಹ-ಸಂಪಾದಕ ತಂತ್ರಾಂಶಗಳನ್ನೂ ಪೇಟೆಂಟುಗಳನ್ನೂ ಜೋಡಿಸಿದರೆ ಇದು ತಾನಾಗಿ ಒದಗುತ್ತಿತ್ತು ಎಂಬುದು. ಪಂಚರು ಒಪ್ಪಲಿಲ್ಲ. ಮೇಲ್ಮನವಿಯ ನ್ಯಾಯಾಲಯದಲ್ಲಿ ಒಂದು ವಿಧಿಸೂಕ್ಷ್ಮ ಅಡ್ಡಬಂದಿತು. ಪಂಚರ ತೀರ್ಮಾನಕ್ಕೆ ಮುಂಚೆ ಸಲ್ಲಿಸಬೇಕಾಗಿದ್ದ ಮನವಿಯನ್ನು ಈ ಅಂಶದ ಮೇಲೆ ಸಲ್ಲಿಸಿರಲಿಲ್ಲವಾದ್ದರಿಂದ, ಪಂಚರ ತೀರ್ಮಾನವನ್ನು ಸಮಗ್ರವಾಗಿ ಮರುಪರಿಶೀಲಿಸಲು ನ್ಯಾಯಾಲಯಕ್ಕೆ ಅವಕಾಶ ಉಳಿಯಲಿಲ್ಲ. ವಿಜ್ಞಾನದ ಪ್ರಶ್ನೆ ಕೆಲವೊಮ್ಮೆ ಕಾಗದ ಸಲ್ಲಿಸಿದ ವೇಳೆಯ ಮೇಲೆ ನಿರ್ಧಾರವಾಗುವುದು ಹೀಗೆ!

ಮತ್ತೊಂದು ವಾದ ಇನ್ನೂ ಕುತೂಹಲಕರವಾದುದು. ಐಫೋರ್‌ಐ ತಾನೇ ‘ಎಸ್ ಫೋರ್’ ಎಂಬ ತಂತ್ರಾಂಶವನ್ನು ಅರ್ಜಿಗೆ ಒಂದು ವರ್ಷಕ್ಕಿಂತಲೂ ಮುಂಚೆ ಅಮೆರಿಕೆಯಲ್ಲಿ ಮಾರಿತ್ತು. ಅದರಲ್ಲಿ ಇದೇ ಕ್ರಮವಿದ್ದರೆ, ಅಲ್ಲಿಯ ಕಾನೂನಿನಂತೆ ಪೇಟೆಂಟು ಬಿದ್ದುಹೋಗುತ್ತಿತ್ತು. ಆದರೆ ಮೊಕದ್ದಮೆಗೆ ವರ್ಷಗಳ ಮೊದಲೇ ‘ಎಸ್ ಫೋರ್’ನ ಮೂಲ ಕ್ರಮವಿಧಿ ನಾಶವಾಗಿತ್ತು. ಇತ್ತೆಂದು ತೋರಿಸುವವರಿಲ್ಲ, ಇರಲಿಲ್ಲವೆಂದು ಆವಿಷ್ಕಾರಕರ ಮಾತು. ಪೇಟೆಂಟು ಕಚೇರಿಯಂತೂ ಈ ತಂತ್ರಾಂಶವನ್ನು ಪರಿಗಣಿಸಿಯೇ ಇರಲಿಲ್ಲ. ಹೀಗಿರುವಾಗ ಪೇಟೆಂಟನ್ನು ಉರುಳಿಸಲು ಸಾಧಾರಣ ಪ್ರಮಾಣ ಸಾಕೇ, ಅಥವಾ ಸ್ಪಷ್ಟವೂ ಮನವರಿಕೆಯಾಗುವಂಥದೂ ಆದ ಪ್ರಮಾಣ ಬೇಕೇ? 2011ರ ಜೂನ್ 9ರಂದು ಅಮೆರಿಕೆಯ ಸರ್ವೋಚ್ಚ ನ್ಯಾಯಾಲಯವು ಎರಡನೆಯದೇ ಬೇಕೆಂದಿತು. ಕಚೇರಿ ಕಾಣದಿದ್ದ ಸಾಕ್ಷ್ಯಕ್ಕೆ ಪಂಚರು ಹೆಚ್ಚು ತೂಕ ಕೊಡಬಹುದೆಂದು ಮಾತ್ರ ಸೇರಿಸಿತು. ಸಣ್ಣ ಸಂಸ್ಥೆ ಗೆದ್ದಿತು.

ಇಲ್ಲಿ ನಮ್ಮ ಕಾನೂನು ಬೇರೆಯೆಂಬುದನ್ನು ಗಮನಿಸಬೇಕು. ಭಾರತದಲ್ಲಿ ಪೇಟೆಂಟು ಕೊಟ್ಟ ಮಾತ್ರಕ್ಕೆ ಅದು ಸಿಂಧುವೆಂಬ ಭರವಸೆಯನ್ನು ಸರಕಾರ ಕೊಡುವುದಿಲ್ಲ. 1978ರ ಪಾತ್ರೆಯ ತೀರ್ಪು ಕೂಡ ಇದನ್ನು ಒತ್ತಿ ಹೇಳಿದೆ.

ಚೆನ್ನೈಯ ದಾರಿ

ಗೋಕಾಕದಲ್ಲಿಯೋ ಹುಕ್ಕೇರಿಯಲ್ಲಿಯೋ ಒಬ್ಬ ತರುಣನು ಕನ್ನಡದ ದಸ್ತಾವೇಜುಗಳನ್ನು ಕಲಮುಗಳಲ್ಲಿ ಹೊಂದಿಸುವ ಹೊಸ ಕ್ರಮವನ್ನು ರಚಿಸಿದನೆಂದು ಭಾವಿಸೋಣ. ಅವನ ಅರ್ಜಿ ಹೋಗುವುದು ಚೆನ್ನೈಯ ಪೇಟೆಂಟು ಕಚೇರಿಗೆ. ಕರ್ನಾಟಕವು ಆ ಕಚೇರಿಯ ವ್ಯಾಪ್ತಿಯಲ್ಲಿದೆ. ಅಲ್ಲಿ ಅವನು ಎರಡು ಹೊಸ್ತಿಲುಗಳನ್ನು ದಾಟಬೇಕು. ಒಂದು ಸುಗೋಚರತೆಯದು. ಮತ್ತೊಂದು, ಗಣಿತದ ಕ್ರಮ, ವ್ಯಾಪಾರದ ಕ್ರಮ, ಕೇವಲ ಕ್ರಮವಿಧಿ ಇವು ಆವಿಷ್ಕಾರಗಳೇ ಅಲ್ಲವೆನ್ನುವ ಮೂರನೆಯ ಪ್ರಕರಣದ (ಕೆ) ಉಪವಿಧಿ. 2002ರ ತಿದ್ದುಪಡಿಯಿಂದ ಬಂದ ಈ ಉಪವಿಧಿಯನ್ನು ಸಡಿಲಿಸಲು 2004ರ ಅಧ್ಯಾದೇಶವೊಂದು ಯತ್ನಿಸಿತು. 2005ರಲ್ಲಿ ಸಂಸತ್ತು ಅದನ್ನು ಒಪ್ಪಲಿಲ್ಲ. ಯುರೋಪಿನಲ್ಲಿಯೂ ಇಂಥ ಹೊಸ್ತಿಲುಂಟು. ಬರಹದಲ್ಲಿಯ ಕಠಿನ ಪದಗಳನ್ನು ಗುರುತಿಸಿ ಸುಲಭ ಪದಗಳನ್ನು ಸೂಚಿಸುವ ಐಬಿಎಂ ಕ್ರಮವನ್ನು ಅಲ್ಲಿಯ ಮೇಲ್ಮನವಿ ಮಂಡಲಿ 1989ರಲ್ಲಿ ತಿರಸ್ಕರಿಸಿತು. ಅದರ ಕೊಡುಗೆ ಭಾಷೆಗೆ ಸಂಬಂಧಿಸಿದ ಮಾನಸಿಕ ಕೆಲಸಕ್ಕೇ ಹೊರತು ಯಂತ್ರಕಲೆಗಲ್ಲವೆಂಬುದು ಕಾರಣ.

ತಿರಸ್ಕೃತನಾದ ನಮ್ಮ ತರುಣನು ಮೇಲ್ಮನವಿಯನ್ನು ಎಲ್ಲಿಗೆ ಒಯ್ಯಬೇಕು? 2007ರಿಂದ 2021ರ ಏಪ್ರಿಲ್ ವರೆಗೆ ಇದಕ್ಕೆ ಪ್ರತ್ಯೇಕ ಮೇಲ್ಮನವಿ ಮಂಡಲಿ ಇದ್ದಿತು. ಅದು ರದ್ದಾದ ಮೇಲೆ ಹೈಕೋರ್ಟುಗಳೇ ಕೇಳುತ್ತವೆ. ಚೆನ್ನೈ ಕಚೇರಿಯ ತೀರ್ಮಾನದ ಮೇಲಿನ ಮನವಿ ಮದರಾಸು ಹೈಕೋರ್ಟಿಗೆ ಹೋಗುತ್ತದೆ. ತಾಳ್ಮೆಯೂ ಬೇಕು. ಅಂತರಜಾಲದ ಮಾಹಿತಿಯನ್ನು ಪಡೆಯುವ ಕ್ರಮವೊಂದಕ್ಕೆ ಫರೀದ್ ಅಲ್ಲಾನಿ ಎಂಬವರು ಭಾರತದಲ್ಲಿ ಅರ್ಜಿ ಹಾಕಿದುದು 2002ರಲ್ಲಿ. ತಾಂತ್ರಿಕ ಪರಿಣಾಮವಿದ್ದರೆ ಕ್ರಮವಿಧಿಯೆಂಬ ಕಾರಣಕ್ಕಷ್ಟೇ ತಳ್ಳಲಾಗದೆಂದು ದೆಹಲಿ ಹೈಕೋರ್ಟು ಹೇಳಿದುದು 2019ರಲ್ಲಿ. ಮಂಡಲಿಯು ಪೇಟೆಂಟು ಕೊಡಬೇಕೆಂದುದು 2020ರಲ್ಲಿ. ಅಷ್ಟರಲ್ಲಿ 20 ವರ್ಷದ ಅವಧಿಯ ಬಹುಪಾಲು ಕಳೆದೇಹೋಗಿತ್ತು.

ಪೇಟೆಂಟು ಕೇಳದ ಕೀಲಿಮಣೆ

ಕನ್ನಡದಲ್ಲಿ ಈ ಪ್ರಶ್ನೆಯನ್ನು ಒರೆಹಚ್ಚಿ ನೋಡಲು ಒಳ್ಳೆಯ ಉದಾಹರಣೆಯೆಂದರೆ ಕೆ. ಪಿ. ರಾವ್ ಅವರ ಕೀಲಿಮಣೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದ ಕೀಲಿಮಣೆಗೆ ಆಧಾರ ಅದೇ. ಅನಂತಸುಬ್ಬರಾಯರ ಬೆರಳಚ್ಚು ಯಂತ್ರದಲ್ಲಿ ಬೆರಳು ಹಿಂಬಾಲಿಸಬೇಕಾಗಿದ್ದುದು ಅಕ್ಷರದ ಆಕಾರವನ್ನು; ರಾಯರ ವಿನ್ಯಾಸದಲ್ಲಿ ಅದು ಹಿಂಬಾಲಿಸುವುದು ಉಚ್ಚಾರಣೆಯನ್ನು. ಹುಕ್ಕೇರಿ ಎಂದು ಮೂಡಿಸಲು ಹಕಾರ, ಉಕಾರ, ಕಕಾರ, ಹಲಂತಕ್ಕಾಗಿ ‘ಎಫ್’ ಕೀಲಿ, ಮತ್ತೆ ಕಕಾರ, ಏಕಾರ, ರಕಾರ, ಇಕಾರ ಹೀಗೆ ಎಂಟು ಕೀಲಿಗಳು. ಲೇಖನದ ಮೊದಲಲ್ಲಿ ಎಣಿಸಿದ ಎಂಟು ಸಂಕೇತಗಳೇ ಇವು. ಅಲ್ಪಪ್ರಾಣಕ್ಕೆ ಬರಿಯ ಕೀಲಿ, ಮಹಾಪ್ರಾಣಕ್ಕೆ ಅದೇ ಕೀಲಿಯನ್ನು ಶಿಫ್ಟಿನೊಡನೆ ಒತ್ತಿದರಾಯಿತು. ವರ್ಣಮಾಲೆ ಬಲ್ಲವನಿಗೆ ಬೇರೆ ಪಾಠ ಬೇಕಿಲ್ಲ.

ಇದು ಸುಗೋಚರವೇ? ಕಟ್ಟುನಿಟ್ಟಿನ ಪರೀಕ್ಷಕನು 1986ರ ‘ಇನ್‌ಸ್ಕ್ರಿಪ್ಟ್’ ಕೀಲಿಮಣೆಯನ್ನು ಮೊದಲು ಮೇಜಿನ ಮೇಲಿಡುವನು. ವ್ಯಂಜನ, ಹಲಂತ, ವ್ಯಂಜನವೆಂಬ ಅನುಕ್ರಮ ಅಲ್ಲಿಯೂ ಇದೆ. ಅನಂತರ ಇಂಗ್ಲಿಷ್ ಕೀಲಿಗಳ ಧ್ವನಿಸಾಮ್ಯವನ್ನು ತೋರಿಸಿ, ಎರಡನ್ನೂ ಜೋಡಿಸಿದರೆ ಮುಗಿಯಿತೆನ್ನುವನು. ನನಗೆ ಈ ವಾದ ಪೂರ್ತಿ ಒಪ್ಪಿಗೆಯಾಗದು. ಧ್ವನಿಸಾಮ್ಯವನ್ನೇ ಹಿಡಿದು ಹೊರಟ ಇತರ ಲಿಪ್ಯಂತರ ಪದ್ಧತಿಗಳು ಕಕಾರಕ್ಕೆ ‘ಕೆ’ ಮತ್ತು ‘ಎ’ ಎಂಬ ಎರಡು ಕೀಲಿಗಳನ್ನು ಒತ್ತಿಸುತ್ತವೆ. ಅಂದರೆ ಜೋಡಣೆಯ ದಾರಿ ಒಂದೇ ಆಗಿರಲಿಲ್ಲ. ಅಕಾರವು ವ್ಯಂಜನದಲ್ಲಿ ಅಡಗಿಯೇ ಇದೆಯೆಂಬ ನಮ್ಮ ಲಿಪಿಯ ಧರ್ಮವನ್ನು ಇಂಗ್ಲಿಷ್ ಕೀಲಿಗಳ ಮೇಲೆ ಉಳಿಸಿಕೊಂಡುದರಲ್ಲಿ ಒಂದು ವಿವೇಚನೆಯಿದೆ. ಆದರೂ ಕಾನೂನಿನ ತಕ್ಕಡಿಯಲ್ಲಿ ಇಷ್ಟು ವಿವೇಚನೆ ಸಾಲುತ್ತಿತ್ತೆಂದು ಧೈರ್ಯವಾಗಿ ಹೇಳಲಾರೆ. ರಾಯರು ಆ ತಕ್ಕಡಿಗೆ ಅದನ್ನು ಇಡಲೇ ಇಲ್ಲ. ವಿನ್ಯಾಸವನ್ನು ಮುಕ್ತವಾಗಿ ಎಲ್ಲರಿಗೂ ಬಿಟ್ಟುಕೊಟ್ಟರು. ಹಾಗೆ ಬಿಟ್ಟುಕೊಟ್ಟುದರಿಂದಲೇ ಬೇರೆ ಬೇರೆ ತಂತ್ರಾಂಶಗಳಲ್ಲಿ ಅದು ತಡೆಯಿಲ್ಲದೆ ನೆಲೆಸಿತು.

ಗಣಿತಗ್ರಂಥಗಳ ಅಚ್ಚುಕಟ್ಟಾದ ಮುದ್ರಣಕ್ಕಾಗಿ ‘ಟೆಕ್’ ಎಂಬ ಕ್ರಮವಿಧಿಯನ್ನು ರಚಿಸಿದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಡೊನಾಲ್ಡ್ ನೂತ್ ಅವರ ನಿಲುವೂ ಇದಕ್ಕೆ ಹತ್ತಿರವಾದುದು. ಸಾಲುಗಳನ್ನು ಎಲ್ಲಿ ಮುರಿದರೆ ಇಡೀ ಪರಿಚ್ಛೇದವೇ ಅಂದವಾಗಿ ಕೂರುವುದೆಂಬ ಲೆಕ್ಕವನ್ನು ಅವರು ಮತ್ತು ಮೈಕೆಲ್ ಪ್ಲಾಸ್ 1981ರಲ್ಲಿ ಪ್ರಕಟಿಸಿದರು. 1994ರಲ್ಲಿ ಅಮೆರಿಕೆಯ ಪೇಟೆಂಟು ಕಮಿಷನರಿಗೆ ಬರೆದ ಪತ್ರದಲ್ಲಿ, 1980ರ ಹೊತ್ತಿಗೆ ತಂತ್ರಾಂಶ ಪೇಟೆಂಟುಗಳು ಬಳಕೆಯಲ್ಲಿದ್ದಿದ್ದರೆ ತಾವು ‘ಟೆಕ್’ ಅನ್ನು ರಚಿಸಲು ಆಗುತ್ತಿರಲಿಲ್ಲವೆಂಬ ಅಭಿಪ್ರಾಯವನ್ನು ಅವರು ತಿಳಿಸಿದರು.

ಇನ್ನು ನಮ್ಮ ಊರುಗಳ ಕಚೇರಿಯ ಬಳಿ ಅರ್ಜಿ, ಕರಾರುಪತ್ರಗಳನ್ನು ಟೈಪು ಮಾಡಿಕೊಡುವವರಿಗೆ ಈ ಕಾನೂನಿನಲ್ಲಿ ಒಂದು ಸ್ಥಾನವುಂಟು. ಭಾರತದಲ್ಲಿ ಅರ್ಜಿ ಪ್ರಕಟವಾದ ಮೇಲೆ, ಪೇಟೆಂಟು ಮಂಜೂರಾಗುವ ಮೊದಲು, ಯಾವ ವ್ಯಕ್ತಿಯೇ ಆಗಲಿ ಲಿಖಿತ ವಿರೋಧವನ್ನು ಸಲ್ಲಿಸಬಹುದು. ಸುಗೋಚರತೆಯು ಅದಕ್ಕೆ ಅಂಗೀಕೃತವಾದ ಕಾರಣಗಳಲ್ಲಿ ಒಂದು. ಮಂಜೂರಾಗಿ ಪ್ರಕಟವಾದ ಮೇಲೆ ಒಂದು ವರ್ಷದ ವರೆಗೆ ಹಿತಾಸಕ್ತಿಯುಳ್ಳವರು ವಿರೋಧಿಸಬಹುದು. ತಾವು ಬಹುದಿನದಿಂದ ಬಳಸುತ್ತ ಬಂದ ಕಲಮು-ಜೋಡಣೆಗೆ ಯಾರಾದರೂ ಹಕ್ಕು ಕೇಳಿದರೆ ಮೂಡಲಗಿಯ ಟೈಪಿಸ್ಟರೂ ಚೆನ್ನೈಗೆ ಬರೆಯಬಹುದು. ಆದರೆ ‘ನಮಗಿದು ಮೊದಲೇ ಗೊತ್ತಿತ್ತು’ ಎಂಬ ಬಾಯಿಮಾತು ಅಲ್ಲಿ ನಿಲ್ಲಲಾರದು. ಅರ್ಜಿಯ ತಾರೀಖಿಗಿಂತ ಹಿಂದಿನ ತಾರೀಖುಳ್ಳ, ಬಹಿರಂಗವಾಗಿ ಬಳಕೆಯಲ್ಲಿದ್ದ ಅಚ್ಚಿನ ಪ್ರತಿ ಕೈಯಲ್ಲಿರಬೇಕು. ‘ಎಸ್ ಫೋರ್’ನ ಮೂಲಪ್ರತಿಯಂತೆ ಅದು ನಾಶವಾಗಿರಬಾರದು.